ಅಪಾರ್ಟ್‌ಮೆಂಟಿನಲ್ಲಿ ಕ್ರಿಸ್‌ಮಸ್: ಪೋಲ್ ಬೇಡ, ತಾರೀಖು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ 70 ಮನೆಗಳ ಅಪಾರ್ಟ್‌ಮೆಂಟ್. ಕ್ರಿಸ್‌ಮಸ್ ಮಾಡೋಣವೇ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಿದಿರಿ. ಕೆಲವರು ಬೇಡ ಅಂದರು, ಅರ್ಧಕ್ಕರ್ಧ ಜನ ಸುಮ್ಮನಿದ್ದರು, ಕ್ರೈಸ್ತರೇ ಆದ ಒಂದು ಮನೆಯವರು ‘ನಾವು ಬರಲ್ಲ’ ಅಂದುಬಿಟ್ಟರು. ಯಾರಿಗೂ ಬೇಜಾರಾಗದ ಹಾಗೆ ಮಾಡುವುದು ಹೇಗೆ?

ಮೊದಲು ಆ ಪೋಲ್ ಅಳಿಸಿ. ‘ಬೇಕು, ಬೇಡ’ ಅಂತ ಎರಡೇ ಗುಂಡಿ ಕೊಟ್ಟರೆ ಹಬ್ಬ ಹೋಗಿ ಚುನಾವಣೆ ಆಗುತ್ತದೆ. ಜನಕ್ಕೆ ತಕರಾರಿರುವುದು ಸಾಮಾನ್ಯವಾಗಿ ಇಡೀ ಹಬ್ಬದ ಬಗ್ಗೆ ಅಲ್ಲ. ಒಬ್ಬರಿಗೆ ಕೇಕ್ ಆಗದು, ಒಬ್ಬರಿಗೆ ಪ್ರಾರ್ಥನೆ ಆಗದು, ಇನ್ನೊಬ್ಬರಿಗೆ ರಾತ್ರಿ ಹತ್ತರ ಮೇಲಿನ ಮೈಕ್ ಆಗದು. ಇಬ್ಬರು ಹೋಗಿ ಬಾಗಿಲಲ್ಲೇ ನಿಂತು ಎರಡು ನಿಮಿಷ ಕೇಳಿದರೆ ಇದು ಗೊತ್ತಾಗುತ್ತದೆ. ಕ್ರೈಸ್ತರ ಮನೆಗಳಿಗೆ ಮೊದಲು ಹೋಗಿ. ಹಬ್ಬ ಅವರದು, ತಾರೀಖು ಅವರು ಹೇಳಲಿ.

‘ಬರಲ್ಲ’ ಅಂದ ಕ್ರೈಸ್ತ ಮನೆಯವರನ್ನು ಕಾರಣ ಕೆದಕಬೇಡಿ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಕ್ರಿಸ್‌ಮಸ್ ಆಚರಿಸುವುದಿಲ್ಲ, ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಕೆಲವು ಪೆಂಟೆಕೋಸ್ಟಲ್, ಬ್ರದರನ್ ಸಭೆಗಳವರೂ ಬೈಬಲಿನಲ್ಲಿ ಡಿಸೆಂಬರ್ 25 ಎಂಬ ತಾರೀಖೇ ಇಲ್ಲ ಎಂದು ದೂರ ಉಳಿಯುತ್ತಾರೆ. ಇದು ಇವತ್ತಿನ ಹಠವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಪ್ಯೂರಿಟನ್ ಕ್ರೈಸ್ತರು 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಇಟ್ಟಿದ್ದರು. ಇನ್ನು ಆ ವರ್ಷ ಸಾವಾದ ಮನೆಯಿದ್ದರೆ ನಕ್ಷತ್ರ ಕಟ್ಟುವುದಿಲ್ಲ, ತಿಂಡಿ ಕರಿಯುವುದಿಲ್ಲ. ನಮ್ಮಲ್ಲಿ ವರ್ಷದೊಳಗೆ ಹಬ್ಬ ಬಿಡುವ ಹಾಗೆಯೇ ಅದು.

ಬೇರೆಯವರ ‘ಬೇಡ’ಗಳಲ್ಲೂ ಅರ್ಧ ಪಂಚಾಂಗದ ಸಮಸ್ಯೆ. ಮಾಲೆ ಹಾಕಿದ ಅನೇಕ ಅಯ್ಯಪ್ಪ ಭಕ್ತರ ವ್ರತ ಡಿಸೆಂಬರ್ 26 ಅಥವಾ 27ರ ಮಂಡಲ ಪೂಜೆಯವರೆಗೆ ಇರುತ್ತದೆ, ಅವರು ಮೊಟ್ಟೆ ಮುಟ್ಟುವುದಿಲ್ಲ. ಕೆಲವು ವರ್ಷ ವೈಕುಂಠ ಏಕಾದಶಿ ಅದೇ ವಾರ ಬರುತ್ತದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಅನೇಕರು ಡಿಸೆಂಬರ್ 1ರಿಂದ ಹಬ್ಬದವರೆಗೆ ನೋಂಬು ಹಿಡಿದು ಮಾಂಸ, ಮೀನು, ಮೊಟ್ಟೆ ಬಿಟ್ಟಿರುತ್ತಾರೆ. ನೀವು 20ನೇ ತಾರೀಖು ಕೇಕ್ ಕತ್ತರಿಸಿ ತಟ್ಟೆ ಮುಂದೆ ಹಿಡಿದರೆ ಹಬ್ಬದ ಮನೆಯವರೇ ಬೇಡ ಅನ್ನಬೇಕಾಗುತ್ತದೆ. ಮುಸ್ಲಿಮರಿಗೆ ಯೇಸು ಎಂದರೆ ಈಸಾ ಪ್ರವಾದಿ, ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್, ಅಂದರೆ ಯೇಸುವಿನ ತಾಯಿ. ಆದರೂ ಹುಟ್ಟಿದ ದಿನದ ಆಚರಣೆಗೆ ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ. ಒತ್ತಾಯ ಬೇಡ.

ಎಲ್ಲರೂ ಮಾಡುವ ದೊಡ್ಡ ತಪ್ಪು ಎಂದರೆ 24ರ ಸಂಜೆ ಕಾರ್ಯಕ್ರಮ ಇಡುವುದು. ಅವತ್ತು ರಾತ್ರಿ ಕ್ಯಾಥೊಲಿಕರು ಪೂಜೆಗೆ ಹೊರಟಿರುತ್ತಾರೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, ವಿವೇಕನಗರದ ಬಾಲಯೇಸು ದೇವಾಲಯದ ಕಡೆ ಹೋಗುವವರಿಗೆ ಟ್ರಾಫಿಕ್ಕಿಗೇ ಒಂದು ಗಂಟೆ ಬೇಕು. 25ರ ಮಧ್ಯಾಹ್ನ ಬಂಧುಗಳ ಊಟ. ಉಳಿಯುವುದು 27ರಿಂದ 30. ನೋಂಬು ಮುಗಿದಿರುತ್ತದೆ, ಅನೇಕರ ಮಾಲೆಯೂ ಇಳಿದಿರುತ್ತದೆ. ಮಂಗಳೂರಿಗೋ ಕೇರಳಕ್ಕೋ ಹೋದವರು ತಪ್ಪಿಹೋಗುತ್ತಾರೆ, ನಿಜ. ಅದಕ್ಕೇ ನಾನಾದರೆ ಎರಡು ಭಾಗ ಮಾಡುತ್ತೇನೆ: ಗೋದಲಿ ಹಬ್ಬಕ್ಕೆ ಮುಂಚೆ, ತಿಂಡಿ ಹಬ್ಬದ ನಂತರ.

ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹೀಗೆ ಕೊಟ್ಟಿಗೆ ಕಟ್ಟಿ ತೋರಿಸಿದ್ದರಿಂದ ಈ ಪದ್ಧತಿ ಹಬ್ಬಿತು. ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಇದರಲ್ಲಿ ಹೇಳಿಕೊಡುವುದೇನೂ ಇಲ್ಲ. ಗೊಂಬೆ ತೋಟಕ್ಕೆ ಹಾಕುವ ರಾಗಿ ಪೈರೇ ಇಲ್ಲೂ ಹುಲ್ಲುಗಾವಲು. ಪ್ರಾರ್ಥನೆಗೆ ಬಾರದವರೂ ಪೈರು ಹಾಕಲು ಬರುತ್ತಾರೆ, ಮಕ್ಕಳಂತೂ ಸರಿಯೇ.

ಎರಡು ಹಿಡಿ ರಾಗಿಯನ್ನು ಡಿಸೆಂಬರ್ 11ರ ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಡಿಸೆಂಬರ್ ಚಳಿಗೆ ಮೊಳಕೆ ಬರಲು ಒಂದೂವರೆ ದಿನ ಹಿಡಿಯುತ್ತದೆ, ಅವಸರಪಟ್ಟು ಬಿಚ್ಚಬೇಡಿ. ತಳದಲ್ಲಿ ತೂತಿರುವ ಟ್ರೇಯಲ್ಲಿ ಒಂದಿಂಚು ಮಣ್ಣು, ಕೋಕೋಪೀಟ್ ಬೆರೆಸಿ ಹರಡಿ. ಮೊಳಕೆ ಮೇಲೆ ಉದುರಿಸಿ, ಕಾಳು ಮರೆಯಾಗುವಷ್ಟು ಮಾತ್ರ ಮಣ್ಣು ಮುಚ್ಚಿ. ಆಳಕ್ಕೆ ಹೋದರೆ ಪೈರು ಏಳುವುದಿಲ್ಲ. ಚೊಂಬಿನಿಂದ ನೀರು ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹರಿದು ಅಲ್ಲಿ ಗುಪ್ಪೆ, ಇಲ್ಲಿ ಬೋಳು. ಕೈಯಿಂದ ಚಿಮುಕಿಸಿ. ನೀರು ನಿಂತರೆ ಎರಡೇ ದಿನಕ್ಕೆ ಬಿಳಿ ಬೂಷ್ಟು ಕಟ್ಟಿಕೊಳ್ಳುತ್ತದೆ. ಲಾಬಿಯಲ್ಲಿ ಒಂದೇ ಕಡೆಯಿಂದ ಬೆಳಕು ಬೀಳುವುದರಿಂದ ಪೈರು ಅತ್ತ ವಾಲುತ್ತದೆ, ದಿನಕ್ಕೊಮ್ಮೆ ಟ್ರೇ ತಿರುಗಿಸಿ. 24ರ ಹೊತ್ತಿಗೆ ಮೂರು ಬೆರಳು ಎತ್ತರ ಬಂದರೆ ಚೆನ್ನ. ತಿಂಗಳ ಮೊದಲಿಗೇ ಹಾಕಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಮಲಗಿಬಿಡುತ್ತದೆ. ತಡವಾಯಿತೇ? ಸಾಸಿವೆ ಹಾಕಿ, ವಾರದಲ್ಲಿ ಬರುತ್ತದೆ.

ಬೊಂಬೆ, ನಕ್ಷತ್ರಗಳಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ನೋಡಿ. ಗೋದಲಿಯನ್ನು ನೆಲದ ಮೇಲೆ, ಚಪ್ಪಲಿ ಬಿಡುವ ಜಾಗದ ಪಕ್ಕ ಇಡಬೇಡಿ. ಎರಡೂವರೆ ಅಡಿ ಎತ್ತರದ ಮೇಜು ಸಾಕು. ಒಣಹುಲ್ಲು ಇರುವುದರಿಂದ ಎಲ್‌ಇಡಿ ಬಿಟ್ಟು ಬೇರೆ ಬಲ್ಬು ಬೇಡವೇ ಬೇಡ. ಬಾಲಯೇಸುವಿನ ಬೊಂಬೆಯನ್ನು 24ರ ರಾತ್ರಿಯವರೆಗೆ ಒಳಗಿಟ್ಟಿರಿ. ಅಲ್ಲಿಯವರೆಗೆ ಮಗುವಿನ ಜಾಗ ಖಾಲಿ ಇರಬೇಕು, ಕ್ರೈಸ್ತ ಮನೆಯವರೊಬ್ಬರು ಬಂದು ಮಲಗಿಸಲಿ. ಸಾಂತಾನನ್ನು ದಯವಿಟ್ಟು ಕೊಟ್ಟಿಗೆಯೊಳಗೆ ನಿಲ್ಲಿಸಬೇಡಿ.

ಕೇಕಿನ ಲೆಕ್ಕ: 70 ಮನೆಯಿಂದ 120 ಜನ ಬರುತ್ತಾರೆ ಎಂದುಕೊಳ್ಳಿ, ಒಬ್ಬರಿಗೆ 50 ಗ್ರಾಂ, ಒಟ್ಟು 6 ಕೆಜಿ. ಅದರಲ್ಲಿ 4 ಕೆಜಿ ಮೊಟ್ಟೆಯಿಲ್ಲದ್ದು, ಏಕೆಂದರೆ ಮೊಟ್ಟೆ ತಿನ್ನುವವರೂ ಅದಕ್ಕೇ ಕೈಹಾಕುತ್ತಾರೆ. ಎಗ್‌ಲೆಸ್ ಅಂದಾಕ್ಷಣ ರಮ್ ಇಲ್ಲ ಎಂದಲ್ಲ. ಒಣಹಣ್ಣು ಯಾವುದರಲ್ಲಿ ನೆನೆಸಿದ್ದು ಎಂದು ಬೇಕರಿಯವರನ್ನು ಕೇಳಿ. ರಮ್ ಬೇಡವಾದರೆ ಕಿತ್ತಳೆ ರಸದಲ್ಲಿ ನೆನೆಸಿ ಮಾಡಿಕೊಡುತ್ತಾರೆ, ಆದರೆ ಹತ್ತು ಹದಿನೈದು ದಿನ ಮುಂಚೆ ಹೇಳಬೇಕು. ಎರಡು ಮೇಜು, ಎರಡು ಚಾಕು, ದೊಡ್ಡ ಅಕ್ಷರದ ಚೀಟಿ. ರೋಸ್ ಕುಕ್ಕಿ, ಕಲ್ಕಲ ಎಂಬ ಕರಿದ ಹಬ್ಬದ ತಿಂಡಿಗಳಲ್ಲೂ ಬಹಳ ಸಲ ಮೊಟ್ಟೆ ಇರುತ್ತದೆ, ಕರ್ಜಿಕಾಯಿಗೆ ಆ ತೊಂದರೆ ಇಲ್ಲ. ಮಕ್ಕಳಿಗೆ ಹಂಚುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ, ಸಸ್ಯಾಹಾರಿಗಳಿಗೆ ಆಗದು, ಹಲಾಲ್ ಅಲ್ಲದಿದ್ದರೆ ಮುಸ್ಲಿಮರಿಗೂ ಆಗದು. ಕಡಲೆ ಚಿಕ್ಕಿ ಕೊಟ್ಟುಬಿಡಿ.

ಮನೆಮನೆಗೆ ಹೋಗಿ ಕ್ಯಾರಲ್ ಎಂಬ ಕ್ರಿಸ್‌ಮಸ್ ಗೀತೆ ಹಾಡುವವರು ಮೊದಲೇ ಒಪ್ಪಿದ ಮನೆಗಳ ಪಟ್ಟಿ ಹಿಡಿದು ಹೋಗಲಿ, ಉಳಿದ ಬಾಗಿಲ ಗಂಟೆ ಒತ್ತುವುದು ಬೇಡ. ಎಂಟು ಗಂಟೆಗೆ ಮುಗಿಸಿ. ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನೂ ಬಿಡುವುದಿಲ್ಲ.

ದುಡ್ಡು ಮೇಂಟೆನೆನ್ಸಿನಿಂದ ತೆಗೆಯಬೇಡಿ, ಇಷ್ಟವಿದ್ದವರಿಂದ ಬೇರೆಯಾಗಿ ಎತ್ತಿ. ‘ಗಣೇಶನಿಗೆ ಕೊಟ್ಟಿರಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ಇದೇ ನಿಯಮ ಮಾಡಿದರೆ ವರ್ಷವಿಡೀ ನೆಮ್ಮದಿ.

ನೋಟಿಸಿನಲ್ಲಿ ‘ವರ್ಷಾಂತ್ಯದ ಸಂಭ್ರಮ’ ಎಂದು ಬಣ್ಣ ಕಟ್ಟದೆ ‘ಕ್ರಿಸ್‌ಮಸ್ ಸಂಜೆ’ ಎಂದೇ ಬರೆಯಿರಿ. ಬರುವವರಿಗೂ ಬಾರದವರಿಗೂ ಏನೆಂದು ಗೊತ್ತಿರಬೇಕು. ಪ್ರಾರ್ಥನೆ ಇದ್ದರೆ ಎಷ್ಟು ಹೊತ್ತಿಗೆ, ತಿಂಡಿ ಎಷ್ಟು ಹೊತ್ತಿಗೆ ಎಂದು ಬೇರೆ ಬೇರೆ ಹಾಕಿ. ತಿಂಡಿಗಷ್ಟೇ ಬರುವವರು ಆ ಹೊತ್ತಿಗೆ ಬರಲಿ. ಇನ್ನು 26ರ ಬೆಳಿಗ್ಗೆಯೇ ಹೌಸ್‌ಕೀಪಿಂಗ್‌ನವರು ಗೋದಲಿ ಕಿತ್ತುಹಾಕದಂತೆ ಮೊದಲೇ ಹೇಳಿಡಿ. ಕ್ಯಾಥೊಲಿಕರಿಗೆ ಹಬ್ಬದ ಕಾಲ ಶುರುವಾಗುವುದೇ 25ಕ್ಕೆ. ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಬೊಂಬೆಗಳು ಕೊಟ್ಟಿಗೆ ಸೇರುವುದು ಜನವರಿ 6ಕ್ಕೆ.