ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿದವರು ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿನ ಮ್ಯಾನ್ಯುಯಲ್ ಗೇರಿಗೆ ಮತ್ತೆ ಕೈ ಕೂರಿಸುವುದು ಹೇಗೆ?

ಖಾಲಿ, ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನಷ್ಟೇ ನಿಧಾನವಾಗಿ ಬಿಡುತ್ತ ಕಾರು ಹೊರಡಿಸಿ. ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಕಾಲಿಗೆ ಗೊತ್ತಾಗುವವರೆಗೆ ಇದೊಂದೇ ಸಾಕು. ಆಮೇಲೆ 1500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ ಹೊರಡಿ. 3000ಕ್ಕೆ ಏರಿಸಿ ಅರ್ಧ ಕ್ಲಚ್ಚಿನಲ್ಲಿ ಎಳೆದರೆ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ, ಅದರಲ್ಲಿ ನಾಚಿಕೆ ಏನಿಲ್ಲ.

ನಿಜವಾದ ಅಪಾಯ ಗೇರ್ ಇಳಿಸುವಾಗ. ವೇಗದಲ್ಲಿ ಐದರಿಂದ ನಾಲ್ಕಕ್ಕೆಂದು ಎಳೆದದ್ದು ಎರಡಕ್ಕೆ ಬಿದ್ದರೆ ಎಂಜಿನ್ 7500ರ ಮಿತಿ ದಾಟಿ ವಾಲ್ವ್ ಬಾಗಬಹುದು. ಆಗ ಎಂಜಿನ್ ತಿರುಗಿಸುವುದು ಚಕ್ರಗಳೇ ಆದ್ದರಿಂದ ಎಂಜಿನ್ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಏನೂ ಮಾಡಲಾರದು. ಲಿವರನ್ನು ನ್ಯೂಟ್ರಲ್‌ಗೆ ತಂದು, ಅದು ತಾನಾಗಿ ಮಧ್ಯಕ್ಕೆ ಬಂದ ಮೇಲೆ, ಎಡಕ್ಕೆ ಒತ್ತದೆ ನೇರ ಹಿಂದಕ್ಕೆ ಎಳೆಯಿರಿ.

ಗೇರ್ ಇಳಿಸಿದಾಗ ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ. ಇಲ್ಲದಿದ್ದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಬಹುದು. ರಿವರ್ಸ್‌ಗೆ ಲಿವರನ್ನು ಕೆಳಕ್ಕೆ ಅದುಮಿ, ಎಡಕ್ಕೆ ಸರಿಸಿ, ಮುಂದಕ್ಕೆ ತಳ್ಳಿ.