ಎರಡು ದಿನ ಎಂದರೆ ಎಷ್ಟು ದಿನ?

ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರ ಪತ್ರ: "ಹೋಶೇಯ 6:2ರ ಪ್ರಕಾರ ದೇವರು ಎರಡು ದಿನ ಕಳೆದ ಮೇಲೆ ಬದುಕಿಸುತ್ತಾನೆ, ಮೂರನೆಯ ದಿನ ಎಬ್ಬಿಸುತ್ತಾನೆ. 2 ಪೇತ್ರ 3:8ರಂತೆ ಒಂದು ದಿನ ಸಾವಿರ ವರ್ಷ. ಕ್ರಿಸ್ತನ ಮರಣ ಕ್ರಿ.ಶ. 30 ಎಂದಿಟ್ಟರೆ ಪುನಃಸ್ಥಾಪನೆ 2030ಕ್ಕೆ. ಪಟ್ಟಿ ಲಗತ್ತಿಸಿದ್ದೇನೆ, ಪ್ರಕಟಿಸಿ. ಪ್ರವಾದಿ ಯೆರೆಮೀಯ ಬಾಬೆಲಿನ ಸೆರೆಗೆ ಹೇಳಿದ 70 ವರ್ಷವನ್ನು, ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಕೂಡಿಸಿದರೆ ಕಾಸರಗೋಡಿಗೂ ಒಂದು ಲೆಕ್ಕ ಸಿಗುತ್ತದೆ!"

ಮಾಷ್ಟ್ರೇ, ನಿಮ್ಮ ಕೂಡಿಸುವಿಕೆಯಲ್ಲಿ ತಪ್ಪಿಲ್ಲ. ಲೆಕ್ಕದವರ ಪರವಾಗಿ ಒಂದು ಮಾತೂ ಇದೆ: ಯೆರೂಸಲೇಮಿನ ದೇವಾಲಯ ಸುಟ್ಟದ್ದು ಕ್ರಿ.ಪೂ. 586ರ ಸುಮಾರಿಗೆ, ಮತ್ತೆ ಕಟ್ಟಿ ಮುಗಿದದ್ದು 516ರ ಸುಮಾರಿಗೆ. ಎಪ್ಪತ್ತು ಕೂಡಿಬರುತ್ತದೆ. ಅಷ್ಟು ಒಪ್ಪಿದೆ.

ಆದರೆ ಪೇತ್ರನ ವಾಕ್ಯದಲ್ಲಿ 'ಅಂತೆ' ಎಂಬುದು ಎರಡು ಸಲ ಬರುತ್ತದೆ: ದಿನ ಸಾವಿರ ವರ್ಷದಂತೆ, ಸಾವಿರ ವರ್ಷ ದಿನದಂತೆ. ಅದರ ಮೂಲ 90ನೇ ಕೀರ್ತನೆ. ಅಲ್ಲಿ ಸಾವಿರ ವರ್ಷವೆಂದರೆ ಕಳೆದುಹೋದ ನಿನ್ನೆ, ಮತ್ತೆ ರಾತ್ರಿಯ ಒಂದು ಜಾವ. ಜಾವವನ್ನು ಅಳತೆಗೆ ಹಿಡಿದರೆ ನಿಮ್ಮ ಪಟ್ಟಿ ಏನಾದೀತು? ಯೆಹೆಜ್ಕೇಲ 4:6ರ 'ದಿನಕ್ಕೊಂದು ವರ್ಷ' ಹಿಡಿದರಂತೂ ಹೋಶೇಯನ ಎರಡು ದಿನ ಬರೀ ಎರಡು ವರ್ಷ. ಉತ್ತರವನ್ನು ಮೊದಲೇ ಬರೆದಿಟ್ಟು ಅದಕ್ಕೆ ಹೊಂದುವ ಅಳತೆಕೋಲು ಹುಡುಕಿದ ಹುಡುಗನಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಒಂದು ಸಂಖ್ಯೆ ಹೇಳಿ ಮೇಲೊಂದು ಏರಿಸುವುದು ಹೀಬ್ರೂ ಕವಿತೆಯ ಜಾಡು. ಆಮೋಸ ದಮಸ್ಕದ ಮೂರು ನಾಲ್ಕು ದ್ರೋಹ ಎನ್ನುತ್ತಾನೆ, ಹೆಸರಿಸುವುದು ಒಂದನ್ನೇ. 'ನಾಲ್ಕು ಜನ ಏನೆಂದಾರು' ಎನ್ನುವಾಗ ನಾವು ತಲೆ ಎಣಿಸುತ್ತೇವೆಯೇ? ಮೇಲಾಗಿ ಹೋಶೇಯನಲ್ಲಿ ಆ ಮಾತು ಜನರ ಬಾಯಿಯದು. ಎರಡು ವಾಕ್ಯ ದಾಟಿದರೆ, ನಿಮ್ಮ ಭಕ್ತಿ ಬೆಳಗಿನ ಮಂಜಿನಂತೆ ಎಂದು ದೇವರೇ ಗದರುತ್ತಾನೆ.

ಬೈಬಲಿಗೆ ತಾರೀಕು ಹಾಕಲು ಬರುತ್ತದೆ. ಹಗ್ಗಾಯ 1:1 ನೋಡಿ: ಅರಸ ದಾರ್ಯಾವೆಷನ ಎರಡನೆಯ ವರ್ಷ, ಆರನೆಯ ತಿಂಗಳು, ಮೊದಲ ದಿನ. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ಒಂದನ್ನೊಂದು ತಾಳೆ ನೋಡುವ ಹಾಗೆ. ಕ್ರಿಸ್ತನ ಕೊನೆಯ ದಿನದ ಕಾವ್ಯವನ್ನೂ ಬರೆದು ಕಾಲನಿರ್ಣಯದಲ್ಲೂ ಪಳಗಿದ್ದ ಮಂಜೇಶ್ವರದ ಕವಿ ಗೋವಿಂದ ಪೈಗಳ ನೆರೆಯವರಿಗೆ ಇದನ್ನು ನಾನು ಹೇಳಬೇಕೆ? ತಾಳೆ ನೋಡಲು ಏನೂ ಇಲ್ಲದ ಕಡೆ ಎಣಿಸಿದವರ ಪಾಡು ಗೊತ್ತಿದೆ. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷವಾಗಿಸಿ, ಕ್ರಿ.ಪೂ. 457ರಿಂದ ಎಣಿಸಿ ಕ್ರಿಸ್ತ ಮರಳಿ ಬರುವುದು 1843ಕ್ಕೆ ಎಂದ. ಕ್ರಿ.ಪೂ. 1 ಕಳೆದರೆ ನೇರ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಹಾಗಾಗಿ ಒಂದು ಕೂಡಿಸಿ 1844 ಆಯಿತು. ಅಕ್ಟೋಬರ್ 22ರಂದು ಹಿಂಬಾಲಕರು ಕಾದು ಕೂತರು. 23ರ ಬೆಳಗಾಯಿತು.

ಇನ್ನು ಯೆರೆಮೀಯ. ಎಪ್ಪತ್ತೆಂದರೆ ಅದೇ 90ನೇ ಕೀರ್ತನೆ ಹೇಳುವ ಒಂದು ಆಯುಸ್ಸು. ಹೋದವರು ಮರಳುವುದಿಲ್ಲ, ಮೊಮ್ಮಕ್ಕಳು ಮರಳಿಯಾರು ಎಂದರ್ಥ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದ ಸುಳ್ಳು ಪ್ರವಾದಿ ಹನನ್ಯ ಎರಡು ತಿಂಗಳಲ್ಲಿ ಸತ್ತ. ಯೆರೆಮೀಯನೋ ಸೆರೆಹೋದವರಿಗೆ ಕಾಗದ ಬರೆದ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ.

ನಮ್ಮಲ್ಲಿ ಹನನ್ಯರಿಗೆ ಬರವಿಲ್ಲ. ಚಂದ್ರಗಿರಿ ಹೊಳೆಯ ಉತ್ತರಭಾಗ ಕನ್ನಡನಾಡಿಗೆ ಸೇರಲೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದಂದಿನಿಂದ 'ಇನ್ನೇನು, ಸ್ವಲ್ಪ ದಿನ' ಎಂಬ ಭಾಷಣ ಕೇಳುತ್ತಲೇ ಇದ್ದೇವೆ. ಅಷ್ಟರಲ್ಲಿ ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರು. ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿದವರು ಮಾತ್ರ ನಾವೇ.

ಪಟ್ಟಿ ಪ್ರಕಟಿಸುವುದಿಲ್ಲ. ಯೆರೆಮೀಯ 29ರ ಆ ಕಾಗದದ ಬಗ್ಗೆ ಎರಡು ಪುಟ ಬರೆದು ಕಳುಹಿಸಿ. ತಿಂಗಳ 20ರೊಳಗೆ ತಲುಪಲಿ, ಈ 20 ಮಾತ್ರ ಸಾಂಕೇತಿಕವಲ್ಲ.

— ಸಂ.