ಮೇಪಲ್ ಸಿರಪ್ಪನ್ನು ವರ್ಷವಿಡೀ ಯಾಕೆ ಮಾಡಲಾಗುವುದಿಲ್ಲ?

ಮೇಪಲ್ ಸಿರಪ್ ಅಂದರೆ ಮೇಪಲ್ ಮರದ ರಸವನ್ನು ಕುದಿಸಿ ಇಂಗಿಸಿದ ಸಿಹಿ ಪಾಕ. ಆ ಮರದಿಂದ ರಸ ಚೆನ್ನಾಗಿ ಇಳಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಅದು ಕರಗುವಷ್ಟು ಬಿಸಿಲು, ಎರಡೂ ಬೇಕು. ಕೆನಡಾದ ಕ್ವಿಬೆಕ್, ಅಮೆರಿಕದ ವರ್ಮಾಂಟ್ ಕಡೆ ಇಂಥ ಹವೆ ಮುಖ್ಯವಾಗಿ ಚಳಿಗಾಲ ಮುಗಿಯುವ ಹೊತ್ತಿಗೆ ಸಿಗುತ್ತದೆ, ಅದೂ ಕೆಲವೇ ವಾರ.

ರಾತ್ರಿ ಕಾಂಡದೊಳಗೆ ಮಂಜುಗಡ್ಡೆ ಕಟ್ಟುವಾಗ ಅಲ್ಲಿನ ಗಾಳಿಗುಳ್ಳೆಗಳು ಕುಗ್ಗುತ್ತವೆ, ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಮಂಜುಗಡ್ಡೆ ಕರಗಿದಾಗ ಅದೇ ಗುಳ್ಳೆಗಳು ಹಿಗ್ಗಿ ರಸವನ್ನು ಒತ್ತುತ್ತವೆ. ಕಾಂಡಕ್ಕೆ ಕೊರೆದ ತೂತಿನಿಂದ ಅದು ತೊಟ್ಟಿಕ್ಕುತ್ತದೆ. ನೋಡಿದರೆ ಸುಮ್ನೆ ನೀರು! ಸಕ್ಕರೆ ಇರುವುದು ಶೇ. 2ರಷ್ಟು ಮಾತ್ರ. ಹಾಗಾಗಿ 1 ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕು. ಬೆಲೆ ಜಾಸ್ತಿ ಇರದೆ ಇನ್ನೇನು, ಅಲ್ವಾ? ಕುದಿಯುವ ಪಾಕ ಸುಮಾರು 104 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹದ ಬಂತು ಅಂತ ಲೆಕ್ಕ.

ಇದು ಯುರೋಪಿನವರು ಕಲಿಸಿದ ವಿದ್ಯೆಯಲ್ಲ. ಅವರು ಬರುವ ಮುಂಚೆಯೇ ಅಲ್ಲಿನ ಮೂಲನಿವಾಸಿಗಳು ಈ ರಸ ಇಳಿಸುತ್ತಿದ್ದರು. ಲೋಹದ ಕಡಾಯಿ ಬಂದದ್ದು ಆಮೇಲೆ.

ಮರದ ಮೊಗ್ಗು ಒಡೆಯಲು ಶುರುವಾದರೆ ರಸದ ರುಚಿ ಕೆಡುತ್ತದೆ. ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು.